ಅಮೆರಿಕದ ಹೊಳೆಭೂರ್ಜ ವೃಕ್ಷ

ಭೂರ್ಜಪತ್ರವೆಂಬ ಹೆಸರನ್ನು ಕೇಳದ ವಿದ್ಯಾರ್ಥಿಗಳು ವಿರಳ. ದಕ್ಷಿಣದಲ್ಲಿ ತಾಳೆಯ ಗರಿಯು ಯಾವ ಕೆಲಸಕ್ಕೆ ಒದಗುತ್ತಿದ್ದಿತೋ, ಕಾಶ್ಮೀರ ಮತ್ತು ಗಾಂಧಾರ ಸೀಮೆಗಳಲ್ಲಿ ಆ ಕೆಲಸಕ್ಕೆ ಭೂರ್ಜಪತ್ರವು ಒದಗುತ್ತಿದ್ದಿತು. ಕಾಳಿದಾಸನ 'ವಿಕ್ರಮೋರ್ವಶೀಯ'ದಲ್ಲಿ ಊರ್ವಶಿಯು ತನ್ನ ಪ್ರೇಮಸಂದೇಶವನ್ನು ಬರೆಯುವುದು ಇದರ ಮೇಲೆಯೇ. ನಮ್ಮ ಗಣಿತಶಾಸ್ತ್ರದ ಚರಿತ್ರೆಯಲ್ಲಿ ಹೆಸರಾದ ಬಕ್ಷಾಲಿ ಹಸ್ತಪ್ರತಿಯು 1881ರಲ್ಲಿ ನೆಲದಿಂದ ಹೊರಬಿದ್ದಾಗ ಅದರ ಹಾಳೆಗಳೂ ಭೂರ್ಜಪತ್ರದವೇ ಆಗಿದ್ದುವು. ಪತ್ರವೆಂದು ಕರೆದರೂ ಇದು ಎಲೆಯಲ್ಲ, ಒಂದು ಮರದ ತೊಗಟೆ. ಹಿಮಾಲಯದ ಎತ್ತರದ ತಪ್ಪಲುಗಳಲ್ಲಿ ಬೆಳೆಯುವ ಆ ಮರದ ತೊಗಟೆಯು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಸುಲಿದು ಬರುತ್ತದೆ.

ಇಂಗ್ಲಿಷಿನ 'ಬರ್ಚ್' ಎಂಬ ಶಬ್ದಕ್ಕೂ ಸಂಸ್ಕೃತದ 'ಭೂರ್ಜ'ಕ್ಕೂ ಮೂಲವು ಒಂದೇ ಎಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ. ಬೆಳ್ಳಗೆ ಹೊಳೆಯುವುದು ಎಂಬ ಅರ್ಥವುಳ್ಳ ಪ್ರಾಚೀನ ಧಾತುವೊಂದರಿಂದ ಇವೆರಡೂ ಬಂದಿವೆ. ಭೂರ್ಜಗಳ ಕುಲವು ದೊಡ್ಡದು. ಉತ್ತರಾರ್ಧ ಗೋಳದ ಶೀತಪ್ರದೇಶಗಳಲ್ಲೆಲ್ಲ ಹರಡಿರುವ ಈ ಕುಲದಲ್ಲಿ ಐವತ್ತು ಅರವತ್ತು ಜಾತಿಗಳುಂಟು. ಅವುಗಳ ಪೈಕಿ ಬಹುತೇಕ ಮರಗಳು ಚಳಿಯನ್ನು ಪ್ರೀತಿಸುತ್ತವೆ, ಬೇಸಗೆಯ ಧಗೆಗೆ ಸೊರಗುತ್ತವೆ. ಈ ನಿಯಮಕ್ಕೆ ಹೊರತಾದ ಒಂದು ಜಾತಿಯ ವಿಷಯವನ್ನು ಇಲ್ಲಿ ವಿವೇಚಿಸೋಣ. ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವಾರ್ಧದಲ್ಲಿ ಹೊಳೆಗಳ ದಡದಲ್ಲಿ ಬೆಳೆಯುವ ಇದನ್ನು ಅಲ್ಲಿನವರು 'ರಿವರ್ ಬರ್ಚ್' ಎನ್ನುತ್ತಾರೆ. ನಾವು ಹೊಳೆಭೂರ್ಜ ಎಂದು ಕರೆಯಬಹುದು. ಕಾವೇರಿಯ ದಡದಲ್ಲಿ ನಿಂತು ನೀರಿಗೆ ಬಾಗುವ, ನುಣುಪಾದ ತೊಗಟೆಯನ್ನು ತೆಳುವಾಗಿ ಕಳಚುವ ಮತ್ತಿಯನ್ನು ನಮ್ಮ ಹಿರಿಯರು ಹೊಳೆಮತ್ತಿ ಎಂದು ಕರೆದಿದ್ದಾರಷ್ಟೆ. ಆ ಮಾದರಿಯನ್ನೇ ಇಲ್ಲಿ ಅನುಸರಿಸಿದ್ದೇವೆ.

1753ರಲ್ಲಿ ಲಿನ್ನೇಯಸನು ಈ ಮರಕ್ಕೆ ಬೆಟುಲಾ ನೈಗ್ರ ಎಂದು ಹೆಸರಿಟ್ಟನು. ನೈಗ್ರ ಎಂದರೆ ಕಪ್ಪು. ಎಳೆಯ ಮರವನ್ನು ಮಾತ್ರ ಕಂಡವರಿಗೆ ಈ ಹೆಸರು ವಿಚಿತ್ರವೆನಿಸೀತು. ಏಕೆಂದರೆ ಅದರ ಕಾಂಡವು ನಸುಗೆಂಪು, ಕೇಸರಿ, ದಾಲ್ಚಿನ್ನಿಯ ಕಂದು ಮೊದಲಾದ ಬಣ್ಣಗಳ ತೆಳುಸುರುಳಿಗಳಿಂದ ಮುಚ್ಚಿರುತ್ತದೆ. ಮುದಿ ಮರದ ಬುಡವಾದರೋ ಒರಟಾಗಿ, ಸೀಳುಸೀಳಾಗಿ, ಬೂದಿ ಬೆರೆತ ಕಪ್ಪು ಬಣ್ಣವನ್ನು ತಾಳುತ್ತದೆ. ಲಿನ್ನೇಯಸನ ಹೆಸರು ಹೊಂದುವುದು ಈ ಮುಪ್ಪಿನ ಬುಡಕ್ಕೆ.

ಉತ್ತರದಲ್ಲಿ ನ್ಯೂ ಹ್ಯಾಂಪ್‌ಷಯರಿನಿಂದ ದಕ್ಷಿಣದಲ್ಲಿ ಫ್ಲಾರಿಡದ ಉತ್ತರ ಭಾಗದವರೆಗೆ, ಪಶ್ಚಿಮದಲ್ಲಿ ಮಿನೆಸೋಟ ಮತ್ತು ಪೂರ್ವ ಟೆಕ್ಸಾಸುಗಳವರೆಗೆ ಈ ಮರವು ಕಾಣಬರುತ್ತದೆ. ಮಿನೆಸೋಟದ ಚಳಿಗಾಲದಲ್ಲಿ ಉಷ್ಣತೆಯು ಶೂನ್ಯಕ್ಕಿಂತ 30 ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗಿಳಿಯುವುದುಂಟು. ಫ್ಲಾರಿಡದ ಬೇಸಗೆಯಾದರೋ ನಮ್ಮ ಕರಾವಳಿಯ ಸೆಕೆಯನ್ನು ನೆನಪಿಗೆ ತರುವಂಥದು. ಉತ್ತರ ಅಮೆರಿಕದ ಭೂರ್ಜಗಳಲ್ಲಿ ಇಷ್ಟು ದಕ್ಷಿಣಕ್ಕೆ ಇಳಿದು, ಆಗ್ನೇಯದ ತಗ್ಗಿನ ಬಯಲುಗಳಲ್ಲಿ ನೆಲೆಸಿದ ಜಾತಿಯು ಇದೊಂದೇ. ಬಯಲಿನಲ್ಲೆಲ್ಲ ಇದು ಸಿಕ್ಕುವುದಿಲ್ಲ. ಹೊಳೆಯ ದಡ, ನಡುಗಡ್ಡೆ, ನೆರೆಯ ನೀರು ನುಗ್ಗಿ ಹಿಂದೆಗೆಯುವ ಮೆಕ್ಕಲು ಭೂಮಿ ಇವೇ ಇದರ ಸ್ಥಾನ. ಉದ್ಯಾನದಲ್ಲಿ ಈ ಮರವನ್ನು ಬೆಳೆಸುವವರು ಮೊದಲು ಈ ತವರನ್ನು ಅರಿತುಕೊಳ್ಳಬೇಕು. ತೊಗಟೆಯ ಚೆಲುವಿಗೆ ಮರುಳಾಗಿ ಮರವನ್ನು ತಂದು ನೆಟ್ಟು, ನಾಲ್ಕಾರು ವರ್ಷಗಳಲ್ಲಿ ಅದು ಹಳದಿಯಾಗಿ ಕೊರಗುವುದನ್ನು ನೋಡುವವರು ಅಲ್ಲಿ ಅನೇಕರು. ಅವರು ನೆಟ್ಟ ಮರ ಒಳ್ಳೆಯದೇ. ಮರವು ಬಂದ ಹೊಳೆಯನ್ನು ಅವರು ಮರೆತಿರುತ್ತಾರೆ.

ಹೊಳೆಯ ದಡದ ಬಾಳು ಎಂಥದು? ಚಳಿಗಾಲದ ಕೊನೆಯಲ್ಲಿ ಹಿಮ ಕರಗಿ, ವಸಂತದ ಮಳೆ ಸೇರಿ ಹೊಳೆಗಳು ಉಕ್ಕುತ್ತವೆ. ನೀರು ದಡವನ್ನು ಕೊರೆದು ಮಣ್ಣನ್ನು ಹೊತ್ತೊಯ್ದು ಬೇರೊಂದೆಡೆ ಹರಡುತ್ತದೆ. ಮೇ, ಜೂನ್ ತಿಂಗಳುಗಳಿಗೆ ನೆರೆಯು ಇಳಿದು, ಹುಲ್ಲು ಸಹ ಹುಟ್ಟಿರದ ಹೊಸ ಮರಳದಿಣ್ಣೆಗಳೂ ರೇವೆಮಣ್ಣಿನ ಪಟ್ಟಿಗಳೂ ತೇವದಿಂದ ಹೊಳೆಯುತ್ತ ಬಿಸಿಲಿಗೆ ತೆರೆದುಕೊಳ್ಳುತ್ತವೆ. ಬೀಜಕ್ಕೆ ಇದಕ್ಕಿಂತ ಒಳ್ಳೆಯ ಮಡಿ ಬೇಡ. ಆದರೆ ಈ ಮಡಿಯು ಕೆಲವೇ ವಾರಗಳಲ್ಲಿ ಒಣಗುತ್ತದೆ, ಇಲ್ಲವೆ ಕಳೆಗಳ ಪಾಲಾಗುತ್ತದೆ. ಉತ್ತರ ಅಮೆರಿಕದ ಇತರ ಭೂರ್ಜಗಳ ಕಾಯಿ ಬಲಿಯುವುದು ಬೇಸಗೆಯ ಕೊನೆಗೆ ಅಥವಾ ಶರತ್ಕಾಲದಲ್ಲಿ. ಅವುಗಳ ಬೀಜವು ಚಳಿಗಾಲವೆಲ್ಲ ನೆಲದಲ್ಲಿ ಮಲಗಿದ್ದು ಮುಂದಿನ ವಸಂತದಲ್ಲಿ ಮೊಳೆಯುತ್ತದೆ. ಹೊಳೆಭೂರ್ಜವು ಹಾಗೆ ಕಾಯುವಂತಿಲ್ಲ. ಅದರ ಗಂಡು ಹೂಗಳ ಜೋಲುಗೊಂಚಲುಗಳು ಹಿಂದಿನ ಶರತ್ಕಾಲದಲ್ಲಿಯೇ ಸಿದ್ಧವಾಗಿ ಬರಿಗೊಂಬೆಗಳ ಮೇಲೆ ಚಳಿಯನ್ನು ಕಳೆಯುತ್ತವೆ. ವಸಂತದ ಆರಂಭದಲ್ಲಿ ಗಾಳಿಯು ಪರಾಗವನ್ನು ಹೆಣ್ಣು ಗೊಂಚಲುಗಳಿಗೆ ಒಯ್ಯುತ್ತದೆ. ನೆರೆಯಿಳಿಯುವ ಹೊತ್ತಿಗೆ ಸರಿಯಾಗಿ ಕಾಯಿ ಬಲಿತು, ರೆಕ್ಕೆಯುಳ್ಳ ಸಣ್ಣ ಬೀಜಗಳು ಗಾಳಿಯಲ್ಲಿ ತೂರಿ, ನೀರಿನ ಮೇಲೆ ತೇಲಿ, ಹಸಿಮಣ್ಣಿನ ಅಂಚನ್ನು ಸೇರುತ್ತವೆ. ಸೇರಿದ ಕೆಲವು ದಿನಗಳಲ್ಲಿಯೇ ಮೊಳೆಯುತ್ತವೆ. ಕಾದಿರಿಸಿದರೆ ಅವುಗಳ ಜೀವಶಕ್ತಿ ಬೇಗ ಕುಂದುತ್ತದೆ. ಅದೇ ದಡಗಳಲ್ಲಿ ಬಾಳುವ ಬೆಳ್ಳಿ ಮೇಪಲ್, ಕಾಟನ್‌ವುಡ್ ಮತ್ತು ವಿಲ್ಲೋ ಮರಗಳೂ ಈ ಕಾಲಗಣನೆಯನ್ನೇ ಹಿಡಿದಿವೆ. ಸಂಬಂಧವಿಲ್ಲದ ಕುಲಗಳು ಒಂದೇ ಹೊಳೆಯ ವೇಳಾಪಟ್ಟಿಗೆ ಹೊಂದಿಕೊಂಡಿರುವುದು ಗಮನಿಸತಕ್ಕ ವಿಷಯ.

ಇನ್ನು ನೆರೆಯಲ್ಲಿ ಮುಳುಗಿದ ಬೇರುಗಳ ಮಾತು. ಬೇರಿಗೂ ಉಸಿರಾಟವುಂಟು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿರುವ ಗಾಳಿಯಿಂದ ಅದು ಆಮ್ಲಜನಕವನ್ನು ಪಡೆಯುತ್ತದೆ. ಸಂದುಗಳಲ್ಲಿ ನೀರು ತುಂಬಿದೊಡನೆ ಈ ಸರಬರಾಜು ನಿಲ್ಲುತ್ತದೆ. ಏಕೆಂದರೆ ಆಮ್ಲಜನಕವು ನೀರಿನಲ್ಲಿ ಪಸರಿಸುವ ವೇಗವು ಗಾಳಿಯಲ್ಲಿ ಪಸರಿಸುವ ವೇಗದ ಸುಮಾರು ಹತ್ತುಸಾವಿರದಲ್ಲಿ ಒಂದು ಪಾಲು ಮಾತ್ರ. ಕುಂಡದ ಗಿಡಕ್ಕೆ ಅತಿಯಾಗಿ ನೀರೆರೆದು ಕೊಂದವರೆಲ್ಲರೂ ಈ ಸಂಖ್ಯೆಯ ಪರಿಣಾಮವನ್ನು ಕಂಡವರೇ. ಹೊಳೆಭೂರ್ಜವು ಕೆಲವು ವಾರಗಳ ನೆರೆಯನ್ನು ತಾಳಬಲ್ಲದು. ವಸಂತಾರಂಭದ ನೆರೆಯು ಬರುವಾಗ ಮರವು ಇನ್ನೂ ಅರೆನಿದ್ರೆಯಲ್ಲಿದ್ದು, ತಣ್ಣನೆಯ ಮಣ್ಣಿನಲ್ಲಿ ಬೇರುಗಳಿಗೆ ಬೇಕಾದ ಆಮ್ಲಜನಕವು ಅಲ್ಪವಾಗಿರುವುದೂ ಇದಕ್ಕೆ ನೆರವಾಗುತ್ತದೆ. ಆದರೆ ವರ್ಷವಿಡೀ ನೀರು ನಿಂತ ಜವುಗಿನಲ್ಲಿ ಈ ಮರವಿರುವುದಿಲ್ಲ. ಅಲ್ಲಿ ಬಾಲ್ಡ್ ಸೈಪ್ರೆಸ್ ಮೊದಲಾದವುಗಳ ರಾಜ್ಯ. ನೀರು ಬಂದುಹೋಗುವ ಸ್ಥಳ ಇದಕ್ಕೆ ಹಿತ, ನೀರು ನೆಲೆನಿಂತ ಸ್ಥಳ ಹಿತವಲ್ಲ. ಈ ಭೇದವನ್ನು ಮರೆಯಬಾರದು.

ಹೊಳೆಭೂರ್ಜಕ್ಕೆ ಹಿತವಾದ ಮಣ್ಣು ಆಮ್ಲಗುಣವುಳ್ಳದ್ದು. ಮಣ್ಣಿನ ಆಮ್ಲತೆಯನ್ನು ಅಳೆಯುವ ಪಿಎಚ್ ಮಾನದಲ್ಲಿ 7 ತಟಸ್ಥ. ಅದಕ್ಕಿಂತ ಕಡಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಒಂದು ಅಂಕದ ವ್ಯತ್ಯಾಸವೆಂದರೆ ಹತ್ತು ಪಟ್ಟು ವ್ಯತ್ಯಾಸವೆಂಬುದನ್ನು ರಸಾಯನಶಾಸ್ತ್ರದ ಪಾಠದಲ್ಲಿ ಓದಿರುತ್ತೀರಿ. ಈ ಮರಕ್ಕೆ 6.5 ಅಥವಾ ಅದಕ್ಕೂ ಕೆಳಗಿನ ಅಂಕವು ಬೇಕು. ಕೆಳಗೆ ಎಷ್ಟು ದೂರ ಹೋದರೂ ಇದು ಬಹುಮಟ್ಟಿಗೆ ಹೆದರುವುದಿಲ್ಲ. ಕಲ್ಲಿದ್ದಲಿಗಾಗಿ ನೆಲದ ಮೇಲ್ಪದರವನ್ನೇ ಕಿತ್ತು ಬಿಟ್ಟ ಗಣಿಪ್ರದೇಶಗಳಲ್ಲಿ ಪೈರೈಟ್ ಎಂಬ ಖನಿಜವು ಗಾಳಿಗೂ ನೀರಿಗೂ ತೆರೆದುಕೊಂಡು ಗಂಧಕಾಮ್ಲವನ್ನು ಹುಟ್ಟಿಸುತ್ತದೆ. ಹುಲ್ಲು ಸಹ ಬೆಳೆಯಲೊಲ್ಲದ ಅಂಥ ನೆಲವನ್ನು ಮತ್ತೆ ಹಸಿರುಗೊಳಿಸಲು ಅಮೆರಿಕನ್ನರು ಆರಿಸಿಕೊಂಡ ಮರಗಳಲ್ಲಿ ಹೊಳೆಭೂರ್ಜವೂ ಒಂದು. ಇಷ್ಟು ಹುಳಿಯನ್ನು ಸಹಿಸುವ ಮರವು ತುಸು ಸುಣ್ಣವನ್ನು ಸಹಿಸಲಾರದೆಂಬುದು ವಿಚಿತ್ರವಾದರೂ ನಿಜ. ಇದರ ಕಾರಣಕ್ಕೆ ಮುಂದೆ ಬರುತ್ತೇವೆ.

ಈಗ ಮನೆಯಂಗಳಕ್ಕೆ ಬರೋಣ. ಉದ್ಯಾನಗಳಲ್ಲಿ ಭೂರ್ಜವನ್ನು ನೆಡುವ ಬಯಕೆ ಪಾಶ್ಚಾತ್ಯರಲ್ಲಿ ಹಳೆಯದು. ಬಿಳಿಯ ಕಾಂಡದ ಯೂರೋಪಿಯನ್ ಭೂರ್ಜವೇ ಬಹುಕಾಲ ಅವರ ಆದರ್ಶವಾಗಿತ್ತು. ಈ ಬಿಳುಪಿಗೆ ತೊಗಟೆಯ ಹೊರಕೋಶಗಳಲ್ಲಿ ತುಂಬಿರುವ ಬೆಟುಲಿನ್ ಎಂಬ ವಸ್ತುವು ಕಾರಣ. ಲೋವಿಟ್ಸ್ ಎಂಬ ರಸಾಯನಜ್ಞನು 1788ರಲ್ಲಿಯೇ ಅದನ್ನು ಬೇರ್ಪಡಿಸಿದ್ದನು. ನಮ್ಮ ಹಿಮಾಲಯದ ಭೂರ್ಜದ ಒಂದು ಬಗೆಯೂ ಸುಣ್ಣ ಬಳಿದಂಥ ತನ್ನ ಕಾಂಡದಿಂದಾಗಿ ಅಮೆರಿಕದ ಸಸ್ಯಾಗಾರಗಳನ್ನು ಸೇರಿತು. ಆದರೆ ಆ ನೆಲದಲ್ಲಿ ಈ ವಿದೇಶೀಯರಿಗಾಗಿ ಶತ್ರುವೊಂದು ಕಾದಿತ್ತು. ಅದು ಅಮೆರಿಕದ್ದೇ ಆದ ಒಂದು ಸಣ್ಣ ಜೀರುಂಡೆ. ಉದ್ದವು ಒಂದು ಸೆಂಟಿಮೀಟರಿನ ಆಸುಪಾಸು, ಬಣ್ಣವು ಕಂಚಿನದು. ಇದನ್ನು ಕಂಚು ಭೂರ್ಜಕೊರಕವೆನ್ನಬಹುದು. ಹೆಣ್ಣು ಜೀರುಂಡೆಯು ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳುವು ಒಳಹೊಕ್ಕು, ಎಲೆಯಲ್ಲಿ ತಯಾರಾದ ಆಹಾರವನ್ನು ಬೇರಿಗೆ ಸಾಗಿಸುವ ಒಳತೊಗಟೆಯಲ್ಲಿ ಅಂಕುಡೊಂಕಾದ ಸುರಂಗಗಳನ್ನು ಕೊರೆಯುತ್ತದೆ. ಸುರಂಗಗಳು ಕೊಂಬೆಯನ್ನು ಸುತ್ತುವರಿದ ಮೇಲೆ ಆಹಾರದ ದಾರಿ ಕಡಿದುಹೋಗುತ್ತದೆ. ಮೊದಲು ಮರದ ನೆತ್ತಿ ಒಣಗುತ್ತದೆ, ಕೆಲವು ವರ್ಷಗಳಲ್ಲಿ ಮರವೆಲ್ಲ ಸಾಯುತ್ತದೆ. ಒಣಗಿದ ಕಾಂಡದ ಮೇಲೆ, ಒಂದು ಕಡೆ ಚಪ್ಪಟೆಯಾದ ಅರೆಚಂದ್ರಾಕಾರದ ಸಣ್ಣ ತೂತುಗಳು ಕಂಡರೆ ಕೊಲೆಗಾರನ ಗುರುತು ಸಿಕ್ಕಿದಂತೆಯೇ.

ಓಹಿಯೋ ರಾಜ್ಯದಲ್ಲಿ ಇಪ್ಪತ್ತು ವರ್ಷಗಳ ಕಾಲ ನಡೆದ ಒಂದು ಪ್ರಯೋಗದ ಫಲಿತಾಂಶವು 2011ರಲ್ಲಿ ಪ್ರಕಟವಾಯಿತು. ಅಮೆರಿಕದ, ಯೂರೋಪಿನ ಮತ್ತು ಏಷ್ಯದ ಭೂರ್ಜಗಳನ್ನು ಒಂದೇ ನೆಲದಲ್ಲಿ ಬೆಳೆಸಿ ಈ ಕೀಟಕ್ಕೆ ಬಿಟ್ಟು ನೋಡಲಾಗಿತ್ತು. ಯೂರೋಪ್ ಮತ್ತು ಏಷ್ಯದ ಜಾತಿಗಳು ಮೊದಲ ಹತ್ತು ವರ್ಷ ತುಂಬುವ ಮುನ್ನವೇ ನಾಶವಾದುವು. ಅಮೆರಿಕದ ಜಾತಿಯವುಗಳಲ್ಲಿ ಹೆಚ್ಚಿನ ಮರಗಳು ಕೊನೆಯವರೆಗೂ ಉಳಿದುವು. ಇದರ ಅರ್ಥವೇನು? ಕೀಟವೂ ಅಮೆರಿಕದ ಭೂರ್ಜಗಳೂ ಸಾವಿರಾರು ತಲೆಮಾರುಗಳಿಂದ ಒಂದೇ ಅಡವಿಯಲ್ಲಿ ಬಾಳಿವೆ. ಕೀಟಕ್ಕೆ ಸುಲಭವಾಗಿ ಬಲಿಯಾಗುತ್ತಿದ್ದ ಮರಗಳು ಆಗಲೇ ಅಳಿದು, ಎದುರಿಸಬಲ್ಲವು ಮಾತ್ರ ಸಂತಾನವನ್ನು ಉಳಿಸಿವೆ. ವಿದೇಶದಿಂದ ಬಂದ ಭೂರ್ಜಗಳಿಗೆ ಈ ಶತ್ರುವಿನ ಪರಿಚಯವೇ ಇಲ್ಲ. ಅವು ಆಯುಧವಿಲ್ಲದೆ ಯುದ್ಧಕ್ಕೆ ನಿಂತಂತೆ. ಅಮೆರಿಕದ ಭೂರ್ಜಗಳಲ್ಲಿಯೂ ಹೊಳೆಭೂರ್ಜದ ನಿರೋಧಶಕ್ತಿಯು ಎಲ್ಲಕ್ಕಿಂತ ಮಿಗಿಲು. ಈ ಕೊರಕವು ಅದನ್ನು ಕೊಂದ ಸಂಗತಿ ಇಲ್ಲವೆನ್ನುವಷ್ಟು ವಿರಳ. ಆದಕಾರಣ ಬೇಸಗೆಯ ಬಿಸಿ ಹೆಚ್ಚಿರುವ ಊರುಗಳಲ್ಲಿ ಭೂರ್ಜವೇ ಬೇಕೆನ್ನುವವರಿಗೆ ಅಲ್ಲಿನ ತೋಟಗಾರರು ಬಿಳಿ ಕಾಂಡದ ಆಸೆಯನ್ನು ಬಿಟ್ಟು ಹೊಳೆಭೂರ್ಜವನ್ನು ನೆಡಿರೆಂದು ಹೇಳುತ್ತಾರೆ. ಈ ಸಲಹೆಯು ಸರಿಯಾದುದೆಂದೇ ನಮ್ಮ ಅಭಿಪ್ರಾಯ. ಹತ್ತು ವರ್ಷ ಸಾಕಿದ ಮರವನ್ನು ಕಡಿಯುವ ದುಃಖಕ್ಕಿಂತ ನಸುಗೆಂಪು ತೊಗಟೆಗೆ ಒಗ್ಗಿಕೊಳ್ಳುವುದು ಮೇಲು.

ಹಾಗಿದ್ದರೆ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಇದನ್ನು ಏಕೆ ಬೆಳೆಸಬಾರದೆಂದು ವಾಚಕರು ಕೇಳಬಹುದು. ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುವ ಶೀತದೇಶದ ಮರಗಳು ಸಾಕಷ್ಟು ಚಳಿಯನ್ನು ಉಂಡ ಮೇಲೆಯೇ ಕ್ರಮವಾಗಿ ಚಿಗುರುತ್ತವೆ. ಅಂಥ ಚಳಿ ನಮ್ಮಲ್ಲಿಲ್ಲ. ಹೊಳೆಯ ದಡಕ್ಕೆ ನಮಗೆ ಹೊಳೆಮತ್ತಿಯಿದೆ, ಹೊಂಗೆಯಿದೆ, ನೀರಂಜಿಯಿದೆ. ಅಮೆರಿಕದಲ್ಲಿ ಮನೆ ಮಾಡಿ ಅಂಗಳದಲ್ಲಿ ಮರ ನೆಡುವ ಕನ್ನಡಿಗರಿಗೆ ಮಾತ್ರ ಮುಂದಿನ ಮಾತುಗಳು ನೇರವಾಗಿ ಉಪಯೋಗಕ್ಕೆ ಬಂದಾವು. ಉಳಿದವರು ಸಸ್ಯಶಾಸ್ತ್ರದ ಪಾಠವೆಂದು ಓದಬೇಕು.

ನೆಡುವುದಕ್ಕೆ ಮೊದಲು ಮಾಡತಕ್ಕ ಕೆಲಸವೆಂದರೆ ಮಣ್ಣಿನ ಪರೀಕ್ಷೆ. ಇಲಿನಾಯ್ಸ್ ಮತ್ತು ಪಶ್ಚಿಮ ಓಹಿಯೋ ಸೀಮೆಗಳಲ್ಲಿ ಹಿಮಯುಗದ ನೀರ್ಗಲ್ಲ ನದಿಗಳು ಸುಣ್ಣಕಲ್ಲನ್ನು ಅರೆದು ಮಣ್ಣಿನಲ್ಲಿ ಬೆರಸಿವೆ. ಮೇಲ್ಮಣ್ಣಿನ ಸುಣ್ಣವು ಮಳೆಯಲ್ಲಿ ತೊಳೆದುಹೋಗಿದ್ದರೂ ಒಳಮಣ್ಣಿನಲ್ಲಿ ಅದು ಉಳಿದಿರುತ್ತದೆ. ಮನೆ ಕಟ್ಟುವಾಗ ನೆಲಮಾಳಿಗೆಗಾಗಿ ಅಗೆದ ಒಳಮಣ್ಣು ಅಂಗಳದ ಮೇಲೆ ಹರಡುತ್ತದೆ. ಗಾರೆ, ಸಿಮೆಂಟುಗಳ ಚೂರುಗಳೂ ಅದರೊಡನೆ ಸೇರುತ್ತವೆ. ಹೀಗೆ ಹೊಸ ಮನೆಯ ಅಂಗಳವು ಹೊಳೆಭೂರ್ಜಕ್ಕೆ ಒಗ್ಗದ ಕ್ಷಾರಭೂಮಿಯಾಗಿ ಬಿಡುತ್ತದೆ. ಅಲ್ಲಿ ನೆಟ್ಟ ಮರದ ಎಲೆಯು ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿದು ಜಾಲರಿಯಂತೆ ಕಾಣುತ್ತವೆ. ಇದು ಕಬ್ಬಿಣದ ಅಭಾವ. ಆದರೆ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರಗಾಲವಿರುವುದಿಲ್ಲ. ಪಿಎಚ್ ಒಂದು ಅಂಕ ಏರಿದರೆ ನೀರಿನಲ್ಲಿ ಕರಗಿರುವ ಫೆರಿಕ್ ಕಬ್ಬಿಣವು ಸುಮಾರು ಸಾವಿರ ಪಟ್ಟು ಇಳಿಯುತ್ತದೆ. ಇದ್ದ ಕಬ್ಬಿಣವೆಲ್ಲ ತುಕ್ಕಿನಂಥ ರೂಪದಲ್ಲಿ ಕರಗದೆ ಕುಳಿತುಕೊಳ್ಳುತ್ತದೆ. ಸಮುದ್ರದ ನಡುವೆ ಬಾಯಾರಿದ ನಾವಿಕನ ಸ್ಥಿತಿ ಬೇರುಗಳದು. ಪತ್ರಹರಿತ್ತಿನ ಅಣುವಿನ ನಡುವೆ ಇರುವುದು ಮೆಗ್ನೀಸಿಯಂ, ಕಬ್ಬಿಣವಲ್ಲ. ಆದರೂ ಆ ಅಣುವನ್ನು ಕಟ್ಟುವ ಕಾರ್ಯದಲ್ಲಿ ಕಬ್ಬಿಣದ ನೆರವಿಲ್ಲದೆ ನಡೆಯದು.

ಉತ್ತರ ಕರ್ನಾಟಕದ ವಿದ್ಯಾರ್ಥಿಗಳು ಈ ರೋಗವನ್ನು ಅಮೆರಿಕಕ್ಕೆ ಹೋಗದೆಯೇ ನೋಡಬಹುದು. ಸುಣ್ಣದಂಶವು ಅಧಿಕವಾಗಿರುವ ಕಪ್ಪುಮಣ್ಣಿನಲ್ಲಿ ಶೇಂಗಾದ ಎಳೆಯೆಲೆಗಳು ಹೀಗೆಯೇ ಹಳದಿಯಾಗುತ್ತವೆ. ರೈತರು ಅನ್ನಭೇದಿಯ ದ್ರಾವಣವನ್ನು ಎಲೆಗಳಿಗೆ ಸಿಂಪಡಿಸಿ ಅವನ್ನು ಹಸಿರುಗೊಳಿಸುತ್ತಾರೆ. ಅನ್ನಭೇದಿಯೆಂದರೆ ಫೆರಸ್ ಸಲ್ಫೇಟು, ಎಂದರೆ ಕಬ್ಬಿಣದ ಲವಣ. ಮಣ್ಣು ಕೊಡಲಾರದ ಕಬ್ಬಿಣವನ್ನು ಎಲೆಯ ಮೂಲಕವೇ ಕೊಡುವ ಉಪಾಯವಿದು.

ಎಲೆ ಹಳದಿಯಾದುದೆಲ್ಲ ಕಬ್ಬಿಣದ ಕೊರತೆಯೆಂದು ತಿಳಿದು ಔಷಧಕ್ಕೆ ಓಡುವುದೂ ತಪ್ಪು. ಹೊಳೆಭೂರ್ಜವು ಮೂರು ವಿಧವಾಗಿ ಹಳದಿಯಾಗುತ್ತದೆ. ಶರತ್ಕಾಲದಲ್ಲಿ ಇಡೀ ಮರವು ಹಳದಿಯಾದರೆ ಅದು ಋತುಧರ್ಮ. ಜುಲೈ, ಆಗಸ್ಟಿನ ಒಣಹವೆಯಲ್ಲಿ ಮರದ ಒಳಭಾಗದ ಹಳೆಯ ಎಲೆಗಳು ಮಾತ್ರ ಹಳದಿಯಾಗಿ ಉದುರಿದರೆ ಅದು ಬಾಯಾರಿಕೆ. ನೀರು ಸಾಲದಾದಾಗ ಈ ಮರವು ಎಲೆಗಳ ಒಂದು ಪಾಲನ್ನು ತ್ಯಜಿಸಿ ಖರ್ಚನ್ನು ಇಳಿಸುತ್ತದೆ. ಅಂಗಳವೆಲ್ಲ ಎಲೆ ಉದುರಿದುದನ್ನು ಕಂಡು ಯಜಮಾನನು ಗಾಬರಿಯಾದರೂ ಮರಕ್ಕೆ ಅದು ಜಾಣತನವೇ; ನೀರು ಕೊಟ್ಟರೆ ಸಾಕು. ಕೊಂಬೆಗಳ ತುದಿಯ ಹೊಸ ಎಲೆಗಳು ಹಸಿರು ನರಗಳೊಡನೆ ಹಳದಿಯಾದರೆ ಅದು ಕಬ್ಬಿಣದ ಅಭಾವ. ಹೊಸ ಎಲೆಗಳಲ್ಲಿಯೇ ಏಕೆ? ಸಾರಜನಕ, ಮೆಗ್ನೀಸಿಯಂಗಳನ್ನು ಗಿಡವು ಹಳೆಯ ಎಲೆಗಳಿಂದ ಹಿಂದಕ್ಕೆ ತೆಗೆದು ಹೊಸ ಎಲೆಗಳಿಗೆ ಸಾಗಿಸಬಲ್ಲದು. ಕಬ್ಬಿಣವು ಒಮ್ಮೆ ಎಲೆಯಲ್ಲಿ ನೆಲೆಗೊಂಡ ಮೇಲೆ ಸುಲಭವಾಗಿ ಕದಲುವುದಿಲ್ಲ. ಆದುದರಿಂದ ಹಳೆಯ ಎಲೆಗಳು ಹಸಿರಾಗಿದ್ದು ಚಿಗುರು ಮಾತ್ರ ಸೊರಗುತ್ತದೆ. ಮೊದಲು ಯಾವ ಎಲೆ ಎಂಬ ಪ್ರಶ್ನೆಯನ್ನು ಹಾಕಿಕೊಳ್ಳುವುದು ಯಾವ ಗಿಡದ ವಿಷಯದಲ್ಲಿಯೂ ಒಳ್ಳೆಯ ಅಭ್ಯಾಸ.

ಮಣ್ಣಿನ ಕ್ಷಾರತೆಯು ಅಲ್ಪವಾಗಿದ್ದರೆ ಗಂಧಕದ ಪುಡಿಯನ್ನು ಬೆರಸುವುದುಂಟು. ಮಣ್ಣಿನ ಬ್ಯಾಕ್ಟೀರಿಯಗಳು ಅದನ್ನು ನಿಧಾನವಾಗಿ ಗಂಧಕಾಮ್ಲವಾಗಿ ಮಾರ್ಪಡಿಸುತ್ತವೆ. ಪರಿಣಾಮ ಕಾಣಲು ತಿಂಗಳುಗಳೇ ಬೇಕು. ಸುಣ್ಣದ ಕಣಗಳು ಹೇರಳವಾಗಿರುವ ನೆಲದಲ್ಲಿ ಹುಟ್ಟಿದ ಆಮ್ಲವನ್ನೆಲ್ಲ ಸುಣ್ಣವು ನುಂಗಿಬಿಡುವುದರಿಂದ ಈ ಶ್ರಮ ವ್ಯರ್ಥ. ಅಂಥಲ್ಲಿ ಬೇರೆ ಮರವನ್ನು ಆರಿಸುವುದೇ ವಿವೇಕ.

ನೆಲವು ಒಪ್ಪಿತೆಂದಿಟ್ಟುಕೊಳ್ಳೋಣ. ಸ್ಥಳವನ್ನು ಆರಿಸುವಾಗ ಮರದ ಮುಂದಿನ ಗಾತ್ರವು ಕಣ್ಣಮುಂದಿರಬೇಕು. ಇಪ್ಪತ್ತು ವರ್ಷಗಳಲ್ಲಿ ಇದು 9ರಿಂದ 12 ಮೀಟರು ಎತ್ತರಕ್ಕೆ ಏರುತ್ತದೆ. ಪೂರ್ಣ ಬೆಳೆದ ಮರವು 20 ಮೀಟರನ್ನು ಮುಟ್ಟುವುದುಂಟು, ಹರವೂ ಅದಕ್ಕೆ ತಕ್ಕಷ್ಟು. ಗೋಡೆಯಿಂದ ಕನಿಷ್ಠ ಆರು ಮೀಟರು ದೂರವಿರುವುದು ಲೇಸು. ಬೇರುಗಳು ಮೇಲುಮೇಲಕ್ಕೆ ಹರಡಿ ತೇವವನ್ನು ಅರಸುತ್ತವೆ. ಬಿರುಕುಬಿಟ್ಟ ಚರಂಡಿಯ ಕೊಳವೆ ಹತ್ತಿರದಲ್ಲಿದ್ದರೆ ಅದರೊಳಗೂ ಇಳಿಯುತ್ತವೆ. ವರ್ಷದುದ್ದಕ್ಕೂ ಸಣ್ಣ ಕಡ್ಡಿಗಳೂ ಒಣಗೊಂಚಲುಗಳೂ ತೊಗಟೆಯ ಚೂರುಗಳೂ ಉದುರುತ್ತಿರುತ್ತವೆ. ಗುಡಿಸಲು ಬೇಸರಿಸುವವರು ಇದನ್ನು ವಾಹನ ನಿಲ್ಲಿಸುವಲ್ಲಿ ನೆಡಬಾರದು. ಬಿಸಿಲು ಧಾರಾಳವಾಗಿರಬೇಕು. ಬಯಲು ದಿಣ್ಣೆಯಲ್ಲಿ ಹುಟ್ಟಿದ ಜಾತಿಯಾದುದರಿಂದ ಇದಕ್ಕೆ ನೆರಳು ಆಗದು. ಸೂರಿನ ನೀರು ಹರಿದು ಬಂದು ಮಳೆಯಾದ ಮೇಲೆ ಒಂದೆರಡು ದಿನ ಕೆಸರಾಗಿರುವ ತಗ್ಗು ಅಂಗಳದಲ್ಲಿದ್ದರೆ, ಇತರ ಮರಗಳು ಕೊಳೆಯುವ ಆ ಜಾಗವೇ ಇದಕ್ಕೆ ಒಪ್ಪಿಗೆ.

ವಸಂತದ ಆರಂಭವು ನೆಡಲು ತಕ್ಕ ಕಾಲ. ಗುಂಡಿಯು ಬೇರುಗಳ ಸುತ್ತಣ ಮಣ್ಣಿನ ಉಂಡೆಗಿಂತ ಎರಡು ಮೂರು ಪಟ್ಟು ಅಗಲವಾಗಿರಬೇಕು, ಆಳವು ಮಾತ್ರ ಉಂಡೆಯಷ್ಟೇ. ಕಾಂಡವು ಅಗಲವಾಗಿ ಬೇರಾಗುವ ಸಂಧಿಯು ನೆಲದ ಮೇಲೆ ಕಾಣಿಸುತ್ತಿರಬೇಕು. ಅದನ್ನು ಮಣ್ಣಿನಲ್ಲಿ ಹೂಳಿದರೆ ತೊಗಟೆ ಕೊಳೆಯುತ್ತದೆ. ಕುಂಡದಲ್ಲಿ ಬೆಳೆದ ಸಸಿಯಾದರೆ ಸುತ್ತುಹಾಕಿಕೊಂಡ ಬೇರುಗಳನ್ನು ಬಿಡಿಸಬೇಕು, ಬಿಡಿಸಲಾಗದವನ್ನು ಕತ್ತರಿಸಬೇಕು. ಬಳಿಕ ಮರದ ಚಕ್ಕೆ, ತರಗೆಲೆಗಳಿಂದ ಐದಾರು ಸೆಂಟಿಮೀಟರು ದಪ್ಪದ ಹೊದಿಕೆಯನ್ನು ಬುಡಕ್ಕೆ ತಾಗದಂತೆ ಹಾಸಬೇಕು. ಹೊಳೆಯು ದಡಕ್ಕೆ ತಂದು ಹಾಕುವ ಕಸಕಡ್ಡಿಗಳ ಕೆಲಸವನ್ನೇ ಇದು ಮಾಡುತ್ತದೆ. ಮಣ್ಣನ್ನು ತಂಪಾಗಿಯೂ ತೇವವಾಗಿಯೂ ಇರಿಸುತ್ತದೆ. ಮೊದಲ ಎರಡು ಮೂರು ಬೇಸಗೆಗಳಲ್ಲಿ ಮಳೆ ತಪ್ಪಿದಾಗಲೆಲ್ಲ ನಿಧಾನವಾಗಿ, ಒಂದು ಗೇಣು ಆಳ ತೊಯ್ಯುವಂತೆ ನೀರುಣಿಸಬೇಕು. ದಿನವೂ ಎಲೆ ತೋಯಿಸಿದರೆ ಪ್ರಯೋಜನವಿಲ್ಲ.

ಸಸ್ಯಾಗಾರಗಳಲ್ಲಿ ಮೂರು ಕಾಂಡಗಳ ಹೊಳೆಭೂರ್ಜವೆಂದು ಮಾರುವುದು ಹಲವೆಡೆ ಒಂದೇ ಕುಂಡದಲ್ಲಿ ನೆಟ್ಟ ಮೂರು ಬೇರೆ ಬೇರೆ ಸಸಿಗಳು. ಅಡವಿಯಲ್ಲಿಯೂ ಈ ಮರವು ಬುಡದ ಬಳಿಯಲ್ಲೇ ಕವಲೊಡೆಯುವುದು ಸಾಮಾನ್ಯವಾದುದರಿಂದ ಈ ರೂಪವು ಅಸಹಜವಲ್ಲ. ತೊಗಟೆಯ ಸೊಬಗೂ ಮೂರು ಪಟ್ಟಾಗುತ್ತದೆ. ವಿಶಾಲವಾದ ಅಂಗಳಕ್ಕೆ ನಾವು ಇದನ್ನೇ ಮೆಚ್ಚುತ್ತೇವೆ. ಕಾಂಡಗಳು ಒಂದಕ್ಕೊಂದು ಒತ್ತಿಕೊಳ್ಳದೆ ಹೊರಕ್ಕೆ ಬಾಗಿರುವ ಸಸಿಗಳನ್ನು ಆರಿಸಬೇಕು. 1970ರ ದಶಕದಲ್ಲಿ ಅರ್ಲ್ ಕಲ್ಲಿ ಎಂಬ ಇಲಿನಾಯ್ಸಿನ ಸಸ್ಯಪಾಲಕರು ಸೇಂಟ್ ಲೂಯಿಸ್ ನಗರದ ಬಳಿ ತೊಗಟೆಯು ಅಸಾಧಾರಣವಾಗಿ ತಿಳಿಬಣ್ಣದ್ದಾಗಿದ್ದ ಒಂದು ಹೊಳೆಭೂರ್ಜವನ್ನು ಗುರುತಿಸಿದರು. 'ಹೆರಿಟೇಜ್' ಎಂಬ ಹೆಸರಿನಲ್ಲಿ ಇಂದು ಎಲ್ಲೆಡೆ ಬೆಳೆಸುವ ಮರಗಳು ಆ ಒಂದೇ ಮರದ ಎಳೆಗೊಂಬೆಯ ತುಂಡುಗಳನ್ನು ಬೇರೂರಿಸುತ್ತ ಪಡೆದವು. ಬೀಜದಿಂದ ಬೆಳೆಸಿದರೆ ತಂದೆತಾಯಿಗಳ ಗುಣಗಳು ಬೆರೆತುಹೋಗುತ್ತವೆ. ತುಂಡಿನಿಂದ ಬೆಳೆಸಿದರೆ ಮರವು ತದ್ರೂಪವಾಗಿ ಬರುತ್ತದೆ.

ಸುಲಿಯುತ್ತಿರುವ ತೊಗಟೆಯನ್ನು ಕಂಡೊಡನೆ ಕೈಯಿಂದ ಎಳೆಯಬೇಕೆನಿಸುವುದು ಸ್ವಾಭಾವಿಕ, ಮಕ್ಕಳಿಗಂತೂ ತಡೆಯಲಾಗದು. ಹಾಗೆ ಮಾಡಬಾರದು. ಒಳಗಿನ ಹೊಸ ಬೆಂಡಿನ ಪದರವು ಬಲಿತ ಮೇಲೆ ಮರವು ಹೊರಗಿನದನ್ನು ತಾನಾಗಿಯೇ ಬಿಡುತ್ತದೆ. ಬಲಿಯುವ ಮುನ್ನ ಕಿತ್ತರೆ ಜೀವಂತವಾದ ಒಳತೊಗಟೆಯೇ ಗಾಯಗೊಳ್ಳುತ್ತದೆ. ಕೊಂಬೆಗಳನ್ನು ಸವರುವ ಕೆಲಸವನ್ನೂ ಚಳಿಗಾಲದ ಕೊನೆಯಲ್ಲಿ ಇಟ್ಟುಕೊಳ್ಳಬಾರದು. ಆಗ ಬೇರುಗಳ ಒತ್ತಡದಿಂದ ಸಿಹಿರಸವು ಮೇಲೇರುತ್ತಿದ್ದು, ಕತ್ತರಿಸಿದ ಕಡೆಯಿಂದ ದಿನಗಟ್ಟಲೆ ಸೋರುತ್ತದೆ. ಮರವು ಇದರಿಂದ ಸಾಯದು, ಆದರೂ ನೋಡುವವರಿಗೆ ಹಿತವಲ್ಲ. ಎಲೆಗಳು ಪೂರ್ಣವಾಗಿ ಬಿಡಿಸಿಕೊಂಡ ಮೇಲೆ ಸವರಿದರೆ ಸೋರುವಿಕೆ ನಿಂತಿರುತ್ತದೆ. ವಸಂತದಲ್ಲಿ ಕೆಲವು ಎಲೆಗಳು ಸುಕ್ಕುಗಟ್ಟಿ ಏಣುಏಣಾಗಿ ಕಂಡರೆ ಅದು ಒಂದು ಸಸ್ಯಹೇನಿನ ಕೆಲಸ, ಔಷಧದ ಅಗತ್ಯವಿಲ್ಲ.

ಬೀಜದಿಂದ ಬೆಳೆಸಲು ಬಯಸುವವರು ಮೇ ಅಥವಾ ಜೂನಿನಲ್ಲಿ ಗೊಂಚಲುಗಳು ಹಸಿರಿನಿಂದ ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಉದುರುವ ಮುನ್ನ ಅವನ್ನು ಕೊಯ್ದು ಒಂದೆರಡು ದಿನ ನೆರಳಿನಲ್ಲಿ ಹರಡಬೇಕು. ಬೇರ್ಪಟ್ಟ ಬೀಜವನ್ನು ಕೂಡಲೇ ಬಿತ್ತಬೇಕು. ಮರಳು ಬೆರೆತ ಮಣ್ಣನ್ನು ಚೆನ್ನಾಗಿ ತೋಯಿಸಿ, ಬೀಜವನ್ನು ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು; ಮಣ್ಣಿನಿಂದ ಮುಚ್ಚಬಾರದು. ಮೊಳಕೆ ಬರುವವರೆಗೆ ಮಣ್ಣಿನ ಮೇಲ್ಮೈ ಒಂದು ಹೊತ್ತೂ ಒಣಗದಂತೆ, ಸಣ್ಣ ಹನಿಗಳಾಗಿ ನೀರನ್ನು ಚಿಮುಕಿಸುತ್ತಿರಬೇಕು.